ಕಾರ್ಬೊರೇಟರ್ ಕೊನೆಗೆ ಮುಟ್ಟಿ: ಹಳೆಯ ಜಾವಾ ಓಡಿಸುತ್ತಾ ಕಲಿತದ್ದು

ಹಳೆಯ ಜಾವಾ ಬೈಕು ಹಟ ಹಿಡಿದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್‌ಗೆ. ಮುಚ್ಚಳ ತೆಗೆದು ಎರಡು ಸ್ಕ್ರೂ ಆಚೀಚೆ ತಿರುಗಿಸಿದರೆ ಎಂಜಿನ್ ಸದ್ದು ಬದಲಾಗುತ್ತದೆ, ಏನೋ ಮಾಡಿದೆವು ಅನ್ನುವ ಸಮಾಧಾನ ಸಿಗುತ್ತದೆ. ನಿಜವಾದ ತೊಂದರೆ ಇನ್ನೆಲ್ಲೋ ಇರುತ್ತದೆ, ಅದರ ಮೇಲೆ ಈಗ ಕಾರ್ಬೊರೇಟರ್ ಸೆಟ್ಟಿಂಗ್ ಕೂಡ ಕೆಟ್ಟಿರುತ್ತದೆ. ನಾನು ಹಿಡಿಯುವ ದಾರಿ ಬೇರೆ. ಮೊದಲು ಕಿಡಿ, ಆಮೇಲೆ ಮಸಿ, ಆಮೇಲೆ ಗಾಳಿ ಸೋರಿಕೆ. ಈ ಮೂರೂ ಸರಿ ಇವೆ ಅಂತ ಖಾತ್ರಿಯಾದ ಮೇಲೆಯೇ ಕಾರ್ಬೊರೇಟರ್. ಹೀಗೆ ಹೋದರೆ ಹತ್ತರಲ್ಲಿ ಎಂಟು ಸಲ ಕಾರ್ಬೊರೇಟರ್‌ವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ.

ನಾನು ಹೇಳುತ್ತಿರುವುದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ 250 ಸಿಸಿ ಗಾಡಿಯ ಬಗ್ಗೆ. ಜೆಕ್ ದೇಶದ 353 ಮಾಡೆಲ್ಲೇ ಇದು, ನಮ್ಮಲ್ಲಿ 'ಎ ಟೈಪ್' ಅನ್ನುತ್ತಾರೆ. ಮುಂದೆ ಇದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಯೆಜ್ಡಿ ಇಟ್ಟುಕೊಂಡವರಿಗೂ ಇಲ್ಲಿನ ಮುಕ್ಕಾಲು ಪಾಲು ಮಾತು ಅನ್ವಯಿಸುತ್ತದೆ, ಅಳತೆಗಳನ್ನು ಮಾತ್ರ ಅವರವರ ಮಾಡೆಲ್ಲಿನ ಕೈಪಿಡಿ ನೋಡಿ ಇಟ್ಟುಕೊಳ್ಳಬೇಕು. ಇದು ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಟು ಸ್ಟ್ರೋಕ್, ಈಗ ಷೋರೂಮಿನಲ್ಲಿ ಸಿಗುವ ಹೊಸ ಜಾವಾ ಫೋರ್ ಸ್ಟ್ರೋಕ್. ಅದರ ಸಾಮಾನು ಇದಕ್ಕೆ ಕೂರುತ್ತದೆಯೇ ಅಂತ ಕೇಳಿಕೊಂಡು ಹೋಗಬೇಡಿ.

ಎಂಜಿನ್ ಬೋರು, ಅಂದರೆ ಸಿಲಿಂಡರಿನ ಒಳ ವ್ಯಾಸ, 65 ಮಿ.ಮೀ., ಸ್ಟ್ರೋಕು, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 75 ಮಿ.ಮೀ. ಬೋರಿಗಿಂತ ಸ್ಟ್ರೋಕು ಉದ್ದ. ಅದಕ್ಕೇ ಈ ಗಾಡಿ ಕಿರುಚುವುದಿಲ್ಲ, ಕಡಿಮೆ ಸುತ್ತಿನಲ್ಲೇ ದಮ್ಮು ಕಟ್ಟಿ ಎಳೆಯುತ್ತದೆ. ಒಂದೇ ಸಿಲಿಂಡರ್ ಆದರೂ ಹೊಗೆ ಹೋಗಲು ಎರಡು ಬಾಯಿ, ಎರಡು ಕೊಳವೆ, ಎರಡು ಸೈಲೆನ್ಸರ್. ಮೂರನೇ ಗೇರಿನಲ್ಲಿ, ಆಕ್ಸಿಲರೇಟರ್ ಅರ್ಧಕ್ಕೂ ಕಡಿಮೆ ಇದ್ದಾಗ ಬರುವ ಆ ದಪ್ಪ ಸದ್ದಿಗೆ ಮರುಳಾದವರು ಬೇಕಾದಷ್ಟು ಮಂದಿ. ಆ ಸದ್ದು ತೆಳ್ಳಗಾಯಿತೆಂದರೆ, ಅಥವಾ ಎರಡು ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದಾಗ ಒಂದರ ರಭಸ ಕಡಿಮೆ ಅನ್ನಿಸಿದರೆ ಗಾಡಿ ಏನೋ ಹೇಳುತ್ತಿದೆ ಅಂತ ಅರ್ಥ.

ಶುರುವಿಗೆ ಗಾಡಿ ಹತ್ತಿಸುವ ಲಿವರಿನ ವಿಚಾರ. ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಅಂತ ಈ ಗಾಡಿಯಲ್ಲಿಲ್ಲ. ಎಡಗಡೆಯ ಒಂದೇ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ವಾಪಸ್ ಮುಂದಕ್ಕೆ ತಂದರೆ ಗೇರು. ತಣ್ಣನೆಯ ಎಂಜಿನ್ನಾದರೆ ಪೆಟ್ರೋಲ್ ಕಾಕ್ ತೆಗೆದು, ಕಾರ್ಬೊರೇಟರ್ ಮೇಲಿನ ಸಣ್ಣ ಗುಂಡಿಯಾದ ಟಿಕ್ಲರ್ ಒತ್ತಿ ಹಿಡಿದು, ಪೆಟ್ರೋಲ್ ತೊಟ್ಟಿಕ್ಕಿದ ತಕ್ಷಣ ಬಿಡಬೇಕು. ಕೀಲಿ ಹಾಕದೆ ಎರಡು ಸಲ ನಿಧಾನವಾಗಿ ತುಳಿದು, ಆಮೇಲೆ ಕೀಲಿ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಒಂದು ಗಟ್ಟಿ ತುಳಿತ. ಸರಿಯಿರುವ ಗಾಡಿ ಎರಡನೆಯ ತುಳಿತ ಕೇಳುವುದಿಲ್ಲ. ಬಿಸಿ ಎಂಜಿನ್ನಿಗೆ ಟಿಕ್ಲರ್ ಮುಟ್ಟಬಾರದು, ಮುಟ್ಟಿದರೆ ಪ್ಲಗ್ ನೆನೆದು ಹೋಗುತ್ತದೆ. ಐದು ಸಲ ತುಳಿದರೂ ಹತ್ತಲಿಲ್ಲವೆಂದರೆ ಆರನೆಯದು ವ್ಯರ್ಥ, ಪ್ಲಗ್ ಬಿಚ್ಚಿ.

ಪ್ಲಗ್ ಎಲ್ಲಕ್ಕಿಂತ ಮೊದಲು ಮಾತಾಡುತ್ತದೆ. ಬೇಕಾದದ್ದು 14 ಮಿ.ಮೀ. ಮರೆಯ, ಗಿಡ್ಡ ಕಾಲಿನ ಪ್ಲಗ್. ನಾನು ಬಿ7ಎಚ್‌ಎಸ್ ಹಾಕುತ್ತೇನೆ, ಸಂದು 0.6 ಮಿ.ಮೀ. ಉದ್ದ ಕಾಲಿನದ್ದನ್ನು 'ಅಡ್ಜಸ್ಟ್ ಆಗುತ್ತೆ ಸಾರ್' ಅಂತ ಅಂಗಡಿಯವರು ಕೊಟ್ಟರೆ ತರಬೇಡಿ, ಅದು ಪಿಸ್ಟನ್ ತಲೆಗೆ ಬಡಿಯಬಹುದು. ಪ್ಲಗ್ ಒದ್ದೆಯಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಸೊರಗಿದೆ. ಒಣಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ. ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಎರಡು ಕಂಬಗಳ ನಡುವೆ ಕೂದಲೆಳೆಯಂಥ ಮಸಿ ಸೇತುವೆ ಕಟ್ಟಿಕೊಂಡಿದ್ದರೆ ಕಿಡಿಯ ದಾರಿ ತಪ್ಪುತ್ತದೆ. ಟು ಸ್ಟ್ರೋಕಿನಲ್ಲಿ ಇದು ಮಾಮೂಲು, ಪಿನ್ನಿನಿಂದ ಕೆರೆದರೆ ಹೋಗುತ್ತದೆ. ಕಿಡಿ ನೋಡುವಾಗ ಪ್ಲಗ್‌ನ ಮೈ ಹೆಡ್ಡಿನ ರೆಕ್ಕೆಗೆ ಗಟ್ಟಿಯಾಗಿ ತಾಗಿರಬೇಕು. ನೀಲಿ ಕಿಡಿ ಚಟಪಟ ಅಂದರೆ ಚೆನ್ನ. ಕೆಂಪಾಗಿ, ಸದ್ದಿಲ್ಲದೆ ಬಂದರೆ ಮುಂದಿನ ಕೆಲಸ ಪಾಯಿಂಟು, ಅಂದರೆ ಕಿಡಿ ಹುಟ್ಟಿಸಲು ಕರೆಂಟನ್ನು ಕೂಡಿಸಿ ಬಿಡಿಸುವ ಸಣ್ಣ ಸ್ವಿಚ್ಚು.

ಪಾಯಿಂಟ್ ಸೆಟ್ ಮಾಡುವುದು ಈ ಗಾಡಿಯ ಮುಖ್ಯ ವಿದ್ಯೆ. ಒಮ್ಮೆ ಕಲಿತರೆ ಯಾರ ಹಂಗೂ ಇಲ್ಲ. ಬಲಗಡೆಯ ಕವರ್ ಬಿಚ್ಚಿದರೆ ಡೈನಮೊ ಕಾಣುತ್ತದೆ. ಪಾಯಿಂಟೂ, ಅದು ಸುಡದಂತೆ ಕಾಯುವ ಕಂಡೆನ್ಸರೂ ಅಲ್ಲೇ ಇರುತ್ತವೆ. ಬೇಕಾಗುವ ಸಾಮಾನು: ಸಂದು ಅಳೆಯುವ ಫೀಲರ್ ಗೇಜ್, ಸಣ್ಣ ಸ್ಕ್ರೂ ಡ್ರೈವರ್, ನುಣುಪಾದ ಎಮರಿ ಪೇಪರ್, ಆಳ ಅಳೆಯಲು ಬಾಲವಿರುವ ವರ್ನಿಯರ್, ವೈರು ಜೋಡಿಸಿದ ಒಂದು 6 ವೋಲ್ಟ್ ಬಲ್ಬು.

ಮೊದಲು ಪಾಯಿಂಟಿನ ಮುಖ ನೋಡಿ. ಒಂದು ಕಡೆ ಗುಂಡಿ, ಇನ್ನೊಂದು ಕಡೆ ಮೊಳಕೆಯಂತೆ ಎದ್ದ ಲೋಹ ಇದ್ದರೆ ಎಮರಿಯಿಂದ ಉಜ್ಜಿ ಸಮ ಮಾಡಿ. ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಗಟ್ಟಿ ಕಾಗದದ ಚೂರನ್ನು ನಡುವೆ ಇಟ್ಟು ಎಳೆಯಬೇಕು. ಎಮರಿಯ ಪುಡಿ ಅಲ್ಲೇ ಉಳಿದರೆ ಕಿಡಿ ಮತ್ತೆ ಸೊರಗುತ್ತದೆ, ಬೈಗುಳ ಮಾತ್ರ ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್‌ಗೆ ಬೀಳುತ್ತದೆ. ಎಂಜಿನ್ನನ್ನು ಕೈಯಿಂದ ತಿರುಗಿಸಿ, ಪಾಯಿಂಟು ಅತಿ ಹೆಚ್ಚು ತೆರೆದ ಜಾಗದಲ್ಲಿ ನಿಲ್ಲಿಸಿ, ಸಂದು 0.4 ಮಿ.ಮೀ.ಗೆ ಕಟ್ಟಿ. ಗೇಜ್ ಸಡಿಲವಾಗಿ ಜಾರಬಾರದು, ತಳ್ಳಲೂಬಾರದು. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗಬೇಕು.

ಟೈಮಿಂಗಿಗೆ, ಅಂದರೆ ಪಿಸ್ಟನ್ ಎಲ್ಲಿದ್ದಾಗ ಕಿಡಿ ಬೀಳಬೇಕು ಅನ್ನುವುದಕ್ಕೆ, ಕೈ ಹಾಕಬೇಕಾದದ್ದು ಇದಾದ ಮೇಲೆ. ಈ ಕ್ರಮ ತಪ್ಪಿಸುವ ಹಾಗಿಲ್ಲ, ಯಾಕೆಂದರೆ ಸಂದು ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಪ್ಲಗ್ ಬಿಚ್ಚಿ, ವರ್ನಿಯರಿನ ಬಾಲವನ್ನು ರಂಧ್ರದಿಂದ ಇಳಿಸಿ ಪಿಸ್ಟನ್ ಮೇಲೆ ಕೂರಿಸಿ, ಪಿಸ್ಟನ್ ತುತ್ತತುದಿಗೆ ಬಂದಾಗಿನ ಅಂಕಿ ಬರೆದುಕೊಳ್ಳಿ. ಈಗ ಎಂಜಿನ್ನನ್ನು ಓಡುವ ದಿಕ್ಕಿಗೆ ವಿರುದ್ಧವಾಗಿ ಐದಾರು ಮಿ.ಮೀ. ಇಳಿಸಿ, ಮತ್ತೆ ಓಡುವ ದಿಕ್ಕಿನಲ್ಲೇ ಮೇಲಕ್ಕೆ ತಂದು ತುದಿಗೆ 3 ಮಿ.ಮೀ. ಬಾಕಿ ಇರುವಾಗ ನಿಲ್ಲಿಸಿ. ಹಿಂದಕ್ಕೆ ಹೋಗಿ ಮುಂದಕ್ಕೆ ಬರುವುದು ಯಾಕೆಂದರೆ ಕ್ರ್ಯಾಂಕಿನಲ್ಲೂ ಬೇರಿಂಗಿನಲ್ಲೂ ಇರುವ ಸಣ್ಣ ಆಟ ಒಂದೇ ಕಡೆಗೆ ಒರಗಲಿ ಅಂತ. ಬಲ್ಬಿನ ಒಂದು ವೈರನ್ನು ಪಾಯಿಂಟಿನ ಅಲುಗಾಡುವ ತೋಳಿಗೆ, ಇನ್ನೊಂದನ್ನು ಎಂಜಿನ್ ಮೈಗೆ ಹಿಡಿದು ಕೀಲಿ ಹಾಕಿ. ಪಾಯಿಂಟು ಮುಚ್ಚಿರುವಾಗ ಬಲ್ಬು ಆರಿರುತ್ತದೆ, ತೆರೆದ ಕ್ಷಣ ಹತ್ತುತ್ತದೆ. ಪಾಯಿಂಟ್ ಪ್ಲೇಟಿನ ಸ್ಕ್ರೂ ಸಡಿಲಿಸಿ, ಸರಿಯಾಗಿ 3 ಮಿ.ಮೀ. ಜಾಗದಲ್ಲೇ ಬಲ್ಬು ಮಿಣುಕುವ ಹಾಗೆ ಪ್ಲೇಟು ಸರಿಸಿ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಲೇಬೇಕು. ಸ್ಕ್ರೂ ಬಿಗಿಯುವಾಗ ಪ್ಲೇಟು ಕೂದಲಷ್ಟು ಜಾರುವುದು ಈ ಗಾಡಿಯ ಹಳೇ ಚಾಳಿ.

ಟೈಮಿಂಗ್ ಜಾಸ್ತಿ ಮುಂದಿದ್ದರೆ ಕಿಕ್ಕರ್ ತಿರುಗಿ ಒದೆಯುತ್ತದೆ, ಏರಿನಲ್ಲಿ ಎಂಜಿನ್ನಿನಿಂದ ಗೋಲಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತದೆ, ಪಿಸ್ಟನ್ ಸುಡುತ್ತದೆ. ಹಿಂದಿದ್ದರೆ ಗಾಡಿ ಸೋಮಾರಿ, ಸೈಲೆನ್ಸರ್ ಕೊಳವೆ ಬುಡದಲ್ಲಿ ನೀಲಿಗಟ್ಟುತ್ತದೆ. ಕ್ಯಾಮಿಗೆ ಉಜ್ಜುವ ಫೈಬರ್ ಕಾಲು ಸವೆದಂತೆ ಸಂದು ಕಡಿಮೆಯಾಗುತ್ತಾ ಹೋಗುತ್ತದೆ, ಟೈಮಿಂಗೂ ಹಿಂದೆ ಸರಿಯುತ್ತದೆ. ಅದಕ್ಕೇ ಕ್ಯಾಮಿಗೆ ಒರೆಸುವ ಫೆಲ್ಟ್ ತುಂಡಿಗೆ ಎರಡೇ ಎರಡು ಹನಿ ಎಣ್ಣೆ ಬಿಡಬೇಕು. ಮೂರನೆಯ ಹನಿ ಪಾಯಿಂಟಿನ ಮುಖಕ್ಕೆ ಹಾರುತ್ತದೆ.

ಕಂಡೆನ್ಸರಿನ ಕಾಟ ಇನ್ನೊಂದು ಬಗೆಯದು. ತಣ್ಣಗಿದ್ದಾಗ ಗಾಡಿ ಚೆನ್ನಾಗಿ ಓಡುತ್ತದೆ, ಹತ್ತು ಹನ್ನೆರಡು ಕಿಲೋಮೀಟರ್ ಆದ ಮೇಲೆ ಮುಗ್ಗರಿಸಿ ನಿಲ್ಲುತ್ತದೆ, ಟೀ ಕುಡಿದು ಬರುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಮತ್ತೆ ಹತ್ತುತ್ತದೆ. ಕತ್ತಲಲ್ಲಿ ಎಂಜಿನ್ ಓಡಿಸಿ ಪಾಯಿಂಟು ನೋಡಿ. ಸಣ್ಣ ಚುಕ್ಕಿಯಂಥ ಕಿಡಿ ಸಹಜ, ದೊಡ್ಡದಾಗಿ ಹಳದಿ ಉರಿ ಹಾರುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಬಿಸಿಯಾದಾಗ ಕೈಕೊಡುವುದರಲ್ಲಿ ಇಗ್ನಿಷನ್ ಕಾಯಿಲೂ ಕಡಿಮೆಯಿಲ್ಲ, ಆದರೆ ಕಂಡೆನ್ಸರ್ ಅಗ್ಗ, ಮೊದಲು ಅದನ್ನೇ ಬದಲಿಸಿ. ಹಳೆಯ ಸ್ಟಾಕ್ ಅಂತ ಡಬ್ಬಿ ಸಮೇತ ಸಿಗುವ ಕಂಡೆನ್ಸರ್ ನೋಡಿ ಹಿಗ್ಗಬೇಡಿ. ಒಳಗಿನ ಕಾಗದ ಡಬ್ಬಿಯಲ್ಲಿ ಕೂತೇ ಹಾಳಾಗಿರುತ್ತದೆ.

ಇದು ಬ್ಯಾಟರಿ ಇಗ್ನಿಷನ್ ಗಾಡಿ. ಬ್ಯಾಟರಿ ಸೊರಗಿದರೆ ಕಿಡಿಯೂ ಸೊರಗುತ್ತದೆ. 6 ವೋಲ್ಟಿನಲ್ಲಿ ಅರ್ಧ ವೋಲ್ಟ್ ದಾರಿಯಲ್ಲಿ ಕಳೆದರೂ ದೊಡ್ಡ ನಷ್ಟ. ಹೊಸದಾಗಿ ಪೇಂಟ್ ಮಾಡಿಸಿದ ಗಾಡಿಯಲ್ಲಿ ಲೈಟು ಮಂಕು, ಹಾರ್ನು ಗೊಗ್ಗರು, ಕಿಡಿ ಕೆಂಪು ಅಂದರೆ ಡೈನಮೊ ಬಿಚ್ಚುವ ಮೊದಲು ಅರ್ಥ್ ನೋಡಿ. ಚಾಸಿಗೆ ಹಚ್ಚಿದ ಪೌಡರ್ ಕೋಟಿಂಗ್ ವಿದ್ಯುತ್ತನ್ನು ಬಿಡುವುದಿಲ್ಲ. ಬ್ಯಾಟರಿಯ ಅರ್ಥ್ ವೈರ್ ಬೋಲ್ಟ್ ಆಗುವ ಜಾಗ, ಎಂಜಿನ್ ಕೂರುವ ಒಂದು ಬೋಲ್ಟು, ಹೆಡ್‌ಲೈಟ್ ಬುರುಡೆ, ಈ ಮೂರು ಕಡೆ ಪೇಂಟನ್ನು ಕಬ್ಬಿಣ ಹೊಳೆಯುವವರೆಗೆ ಕೆರೆದು, ಬೋಲ್ಟ್ ಹಾಕಿ, ಮೇಲೆ ಗ್ರೀಸು ಸವರುತ್ತೇನೆ. ಎಂಜಿನ್ನಿನಿಂದ ಬ್ಯಾಟರಿಗೆ ನೇರವಾಗಿ ಒಂದು ದಪ್ಪ ವೈರ್ ಎಳೆದುಬಿಟ್ಟರೆ ಇನ್ನೂ ಒಳ್ಳೆಯದು.

ಕಿಡಿ ಸರಿಯಿದ್ದೂ ಗಾಡಿ ತಿಂಗಳಿಂದ ತಿಂಗಳಿಗೆ ಬಲಹೀನವಾಗುತ್ತಿದ್ದರೆ ಮಸಿ. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಚಾಮುಂಡಿ ಬೆಟ್ಟಕ್ಕೆ ಈಗ ಎರಡು ಬೇಕು ಅನ್ನುವಂಥ ಲಕ್ಷಣ. ಪೆಟ್ರೋಲಿನ ಜೊತೆ ಉರಿಯುವ ಎಣ್ಣೆ ಎಗ್ಝಾಸ್ಟ್ ಬಾಯಲ್ಲಿ ಗಟ್ಟಿ ಮಸಿಯಾಗಿಯೂ ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ತೂತುಗಳ ಬ್ಯಾಫಲ್‌ನಲ್ಲಿ ಜಿಗುಟಾಗಿಯೂ ಕೂರುತ್ತದೆ. ಎರಡು ಸೈಲೆನ್ಸರಿನಲ್ಲಿ ಒಂದು ಮೊದಲು ಕಟ್ಟುತ್ತದೆ. ಆಗಲೇ ಆ ಅಂಗೈ ಪರೀಕ್ಷೆಯಲ್ಲಿ ವ್ಯತ್ಯಾಸ ಗೊತ್ತಾಗುವುದು.

ಬ್ಯಾಫಲನ್ನು ಹೊರಗೆಳೆದು, ತೆಂಗಿನ ಚಿಪ್ಪಿನ ಕೆಂಡದ ಮೇಲಿಟ್ಟು ಹೊಗೆ ನಿಲ್ಲುವವರೆಗೆ ಸುಡುವುದು ಹಳೆಯ ಪದ್ಧತಿ. ತಣ್ಣಗಾದ ಮೇಲೆ ಕುಟ್ಟಿದರೆ ಮಸಿ ಹೆಕ್ಕಳಿಕೆಯಾಗಿ ಉದುರುತ್ತದೆ, ರಂಧ್ರಗಳನ್ನು ತಂತಿಯಿಂದ ಬಿಡಿಸಬೇಕು. ಹೊರಗಿನ ಕ್ರೋಮ್ ಕೊಳವೆಯನ್ನು ಬೆಂಕಿಗೆ ಹಿಡಿಯಬಾರದು, ಕ್ರೋಮ್ ಏಳುತ್ತದೆ. ಅದಕ್ಕೆ ಕಾಸ್ಟಿಕ್ ಸೋಡಾ: ಲೀಟರ್ ನೀರಿಗೆ 100 ಗ್ರಾಂ, ಕೊಳವೆಯ ಒಂದು ಬಾಯಿ ಬಿರಡೆ ಹಾಕಿ ಮುಚ್ಚಿ ತುಂಬಿಸಿ ಒಂದು ರಾತ್ರಿ. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಎಗರುತ್ತದೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸ ಬೇಡ. ಅಲ್ಯೂಮಿನಿಯಮ್ಮಿಗೆ ಕಾಸ್ಟಿಕ್ ತಾಗಿಸಲೇಬೇಡಿ. ಹೆಡ್ಡು ಅಥವಾ ಪಿಸ್ಟನ್ನನ್ನು ಅದರಲ್ಲಿ ಅದ್ದಿದರೆ ಬೆಳಗ್ಗೆ ನೋಡುವಷ್ಟರಲ್ಲಿ ತಿಂದು ಹಾಕಿರುತ್ತದೆ.

ಎಗ್ಝಾಸ್ಟ್ ಬಾಯಿ ಕೆರೆಯುವುದಕ್ಕೆ ಸಿಲಿಂಡರ್ ಬಿಚ್ಚುವುದೇ ಉತ್ತಮ. ಬಿಚ್ಚಲು ಮನಸ್ಸಿಲ್ಲದಿದ್ದರೆ ಎರಡೂ ಕೊಳವೆ ತೆಗೆದು ಪಿಸ್ಟನ್ನನ್ನು ತುತ್ತತುದಿಗೆ ತನ್ನಿ. ಆಗ ಪಿಸ್ಟನ್ನಿನ ಮೈಯೇ ಬಾಯಿಗೆ ಅಡ್ಡ ನಿಲ್ಲುತ್ತದೆ, ಪುಡಿ ಒಳಗೆ ಬೀಳುವುದಿಲ್ಲ. ಕೆರೆಯಲು ಬಿದಿರಿನ ಸೀಳು ಸಾಕು, ಬಿದಿರಿಗೆ ಬಗ್ಗದ ಮಸಿಗೆ ಅಲ್ಯೂಮಿನಿಯಂ ಪಟ್ಟಿ. ಸ್ಕ್ರೂ ಡ್ರೈವರ್ ಹಾಕಿದರೆ ಪಿಸ್ಟನ್ನಿಗೆ ಗೀರು ಬೀಳುವುದು ಖಂಡಿತ. ಪಿಸ್ಟನ್ನಿನಲ್ಲಿ ರಿಂಗು ಕೂರುವ ತೋಡನ್ನು ಚೊಕ್ಕ ಮಾಡಲು ಮುರಿದ ಹಳೆಯ ರಿಂಗಿನ ಚೂರಿಗಿಂತ ಒಳ್ಳೆಯ ಉಪಕರಣ ಇಲ್ಲ, ಅಳತೆ ತಾನಾಗಿಯೇ ಸರಿಹೊಂದುತ್ತದೆ.

ಇನ್ನು ಗಾಳಿ ಸೋರಿಕೆ. ಹಳೆಯ ಟು ಸ್ಟ್ರೋಕಿನ ಅತಿ ದೊಡ್ಡ ಕಳ್ಳ ಇವನು, ಅತಿ ಕಡಿಮೆ ಹುಡುಕುವುದೂ ಇವನನ್ನೇ. ಟು ಸ್ಟ್ರೋಕಿನಲ್ಲಿ ಕ್ರ್ಯಾಂಕ್ ತಿರುಗುವ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸೇ ಪಂಪು. ಪಿಸ್ಟನ್ ಮೇಲೆ ಹೋದಾಗ ಅಲ್ಲಿ ಸೆಳೆತ, ಕೆಳಗೆ ಬಂದಾಗ ಒತ್ತಡ. ಆ ಪೆಟ್ಟಿಗೆ ಎಲ್ಲಿ ಸೋರಿದರೂ ಕಾರ್ಬೊರೇಟರ್ ಲೆಕ್ಕ ಹಾಕಿ ಕೊಟ್ಟ ಮಿಶ್ರಣಕ್ಕೆ ಲೆಕ್ಕಕ್ಕಿಲ್ಲದ ಗಾಳಿ ಸೇರುತ್ತದೆ. ಬಲಗಡೆ, ಡೈನಮೊ ಬದಿಯಲ್ಲಿ ಕ್ರ್ಯಾಂಕಿನ ಸುತ್ತ ಕೂರುವ ರಬ್ಬರ್ ಉಂಗುರ, ಅಂದರೆ ಆಯಿಲ್ ಸೀಲ್, ಹೋದರೆ ಹೊರಗಿನ ಗಾಳಿ ಒಳಗೆ ಬರುತ್ತದೆ: ಐಡ್ಲಿಂಗ್ ನಿಲ್ಲುವುದಿಲ್ಲ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ಏರುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ, ಕೊನೆಗೆ ಪಿಸ್ಟನ್ ಹಿಡಿಯುತ್ತದೆ. ಎಡಗಡೆ, ಕ್ಲಚ್ ಬದಿಯ ಸೀಲ್ ಹೋದರೆ ಎಂಜಿನ್ನು ಗೇರ್ ಆಯಿಲನ್ನೇ ಕುಡಿಯತೊಡಗುತ್ತದೆ: ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಎಣ್ಣೆ ಜಿನುಗುವ ಪ್ಲಗ್, ಕೆಳಗೆ ಒಂದು ತೊಟ್ಟೂ ಬೀಳದೆ ಖಾಲಿಯಾಗುವ ಗೇರ್ ಆಯಿಲ್. '2ಟಿ ಜಾಸ್ತಿಯಾಯ್ತು' ಅಂತ ಪೆಟ್ರೋಲಿಗೆ ಎಣ್ಣೆ ಕಡಿಮೆ ಮಾಡುವವರು ಇಲ್ಲೇ ಎಡವುವುದು. ಹೊಗೆ ನಿಲ್ಲುವುದಿಲ್ಲ, ಎಂಜಿನ್ ಮಾತ್ರ ಒಣಗುತ್ತದೆ.

ಸೋರಿಕೆ ಪರೀಕ್ಷೆಗೆ ನಾನು ಬಳಸುವುದು ಹಳೆಯ ಬಿಪಿ ಮೀಟರ್. ಡಾಕ್ಟರು ತೋಳಿಗೆ ಕಟ್ಟುತ್ತಾರಲ್ಲ, ಅದರ ಗಡಿಯಾರದಂಥ ಮೀಟರೂ ರಬ್ಬರ್ ಬಲ್ಬೂ. 300ರವರೆಗೆ ಅಂಕಿ ಇರುತ್ತದೆ, ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಕೆಟ್ಟ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು, ಆ ಖಾಲಿ ಕವಚಕ್ಕೆ ಸಣ್ಣ ತಾಮ್ರದ ಕೊಳವೆ ಕೂರಿಸಿ ಸುತ್ತ ಎಪಾಕ್ಸಿ ತುಂಬಿದರೆ ಬಿಪಿ ಮೀಟರಿನ ಕೊಳವೆ ಸೇರಿಸಲು ಬಾಯಿ ಸಿದ್ಧ. ಇನ್ನು ಎಂಜಿನ್ನಿನ ಬಾಯಿಗಳನ್ನು ಮುಚ್ಚಬೇಕು. ಎರಡು ಎಗ್ಝಾಸ್ಟಿಗೂ ಕಾರ್ಬೊರೇಟರ್ ತೆಗೆದ ಜಾಗಕ್ಕೂ ಮರದ ಬಿರಡೆ ಕೆತ್ತಿಸಿ, ಮೇಲೆ ಸೈಕಲ್ ಟ್ಯೂಬ್ ಸುತ್ತಿ, ಗ್ರೀಸು ಸವರಿ ಗಟ್ಟಿಯಾಗಿ ತುರುಕಿ. ಪಿಸ್ಟನ್ನನ್ನು ಪೂರ್ತಿ ಕೆಳಗೆ ಇಳಿಸಿರಬೇಕು. ಆಗ ಮಾತ್ರ ಸಿಲಿಂಡರೂ ಕ್ರ್ಯಾಂಕ್‌ಕೇಸೂ ಒಂದೇ ಕೋಣೆಯಾಗುತ್ತವೆ.

ಮೀಟರು 250 ತೋರಿಸುವವರೆಗೆ ಗಾಳಿ ತುಂಬಿ ಗಡಿಯಾರ ನೋಡಿ. ಒಂದು ನಿಮಿಷದಲ್ಲಿ 200ಕ್ಕಿಂತ ಕೆಳಗೆ ಇಳಿಯದಿದ್ದರೆ ಎಂಜಿನ್ ಗಟ್ಟಿ. ಮುಳ್ಳು ಕಣ್ಣೆದುರೇ ಕುಸಿದರೆ ಸೋಪಿನ ನೀರು ಹಚ್ಚುತ್ತಾ ಬನ್ನಿ: ಮೊದಲು ನಿಮ್ಮದೇ ಬಿರಡೆಗಳ ಸುತ್ತ, ಆಮೇಲೆ ಹೆಡ್ಡಿನ ಸಂದು, ಸಿಲಿಂಡರ್ ಬುಡದ ಗ್ಯಾಸ್ಕೆಟ್, ಕ್ರ್ಯಾಂಕ್‌ಕೇಸಿನ ಎರಡು ಹೋಳು ಸೇರುವ ಗೆರೆ, ಡೈನಮೊ ಬಿಚ್ಚಿ ಅದರ ಹಿಂದಿನ ಸೀಲು. ಎಡಗಡೆಯ ಸೀಲು ಕಣ್ಣಿಗೆ ಕಾಣುವುದಿಲ್ಲ. ಗೇರ್ ಆಯಿಲ್ ಹಾಕುವ ಬಿರಡೆ ತೆಗೆದು ಅಲ್ಲಿಗೆ ಕಿವಿಯಿಡಿ, ಹುಸ್ ಅಂತಲೋ ಗುಳುಗುಳು ಅಂತಲೋ ಕೇಳಿದರೆ ಅದೇ ಕಳ್ಳ. ಇಡೀ ಪರೀಕ್ಷೆಗೆ ಅರ್ಧ ಗಂಟೆ. ಎಂಜಿನ್ ಕಟ್ಟಿಸಿಕೊಂಡು ಬಂದವರು ಸಿಲಿಂಡರಿಗೆ ಕಿಡಿ ತೋರಿಸುವ ಮೊದಲು ಇದನ್ನು ಮಾಡಿಬಿಟ್ಟರೆ ಹೊಸ ಪಿಸ್ಟನ್ ಉಳಿಯುತ್ತದೆ.

ಸೀಲ್ ಕೊಳ್ಳುವಾಗ 'ಜಾವಾ ಸೀಲ್ ಕೊಡಿ' ಅಂತ ಕೇಳುವುದನ್ನು ನಾನು ಬಿಟ್ಟಿದ್ದೇನೆ. ಹಳೆಯ ಸೀಲಿನ ಮೇಲೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಮೂರೂ ಕೆತ್ತಿರುತ್ತವೆ. ಅಳಿಸಿದ್ದರೆ ವರ್ನಿಯರ್ ಇದೆ. ಆ ಅಳತೆ ಹಿಡಿದು ಬೇರಿಂಗ್ ಅಂಗಡಿಗೆ ಹೋಗಿ ಒಳ್ಳೆಯ ಕಂಪನಿಯ, ಪೆಟ್ರೋಲು ತಡೆಯುವ ರಬ್ಬರಿನ ಸೀಲ್ ತನ್ನಿ. ಬೇರಿಂಗಿಗೂ ಹೀಗೇ, ಹಳೆಯದರ ನಂಬರ್ ಓದಿ ಅದನ್ನೇ ಕೇಳಿ, ಕ್ರ್ಯಾಂಕಿಗಾದರೆ ಸಿ3 ಅಂತ ಸೇರಿಸಿ. ಸಿ3 ಅಂದರೆ ಒಳಗೆ ಸ್ವಲ್ಪ ಹೆಚ್ಚು ಆಟ ಬಿಟ್ಟದ್ದು, ಎಂಜಿನ್ ಬಿಸಿಗೆ ಹಿಗ್ಗಿದಾಗ ಬಿಗಿಯುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ತಿರುಗಿದರೆ ಬೇಕಾದ್ದು ಬಹುಪಾಲು ಸಿಗುತ್ತದೆ.

ಸವೆದ ಸಿಲಿಂಡರನ್ನು ಕೊರೆಸಿ ದೊಡ್ಡದು ಮಾಡುವ, ಅಂದರೆ ಬೋರ್ ಮಾಡಿಸುವ ವಿಚಾರದಲ್ಲಿ ಎರಡೇ ಮಾತು, ಎರಡೂ ಲೇತಿನವರಿಗೆ ಬಾಯಿಬಿಟ್ಟು ಹೇಳಬೇಕಾದವು. ಪಿಸ್ಟನ್ 65.25, 65.50 ಹೀಗೆ ಕಾಲು ಕಾಲು ಮಿಲಿಮೀಟರ್ ಹೆಚ್ಚುತ್ತಾ ಬರುತ್ತದೆ. ಮೊದಲು ಪಿಸ್ಟನ್ ಕೊಂಡು, ಅದನ್ನೇ ಕೈಯಲ್ಲಿ ಕೊಟ್ಟು, ಅದರ ಅಳತೆಗೆ ಬೋರ್ ಮಾಡಿಸಬೇಕು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಸಂದು 0.08 ಮಿ.ಮೀ. ಕೇಳುತ್ತೇನೆ. ಎರಡನೆಯದು, ಬೋರ್ ಆದ ಮೇಲೆ ಸಿಲಿಂಡರ್ ಗೋಡೆಯ ಕಿಂಡಿಗಳಾದ ಪೋರ್ಟುಗಳ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಫೋರ್ ಸ್ಟ್ರೋಕ್ ಕೆಲಸವನ್ನೇ ದಿನವಿಡೀ ಮಾಡುವವರು ಆ ಅಂಚು ಮುರಿಯುವುದನ್ನು ಮರೆಯುತ್ತಾರೆ. ಹಾಗೇ ಕಟ್ಟಿದರೆ ರಿಂಗು ಪೋರ್ಟಿಗೆ ಸಿಕ್ಕಿ ತುಂಡಾಗುತ್ತದೆ. ಸಾಣೆಕಲ್ಲಿನ ತುಂಡಿನಿಂದ ಪ್ರತಿ ಪೋರ್ಟಿನ ಮೇಲಂಚು, ಕೆಳಂಚು ಬೆರಳಿಗೆ ಚುಚ್ಚದಷ್ಟು ಮೊಂಡು ಮಾಡಿಯೇ ಮನೆಗೆ ತರಬೇಕು. ರಿಂಗನ್ನು ಬೋರಿನೊಳಗೆ ಒಂಟಿಯಾಗಿ ಇಳಿಸಿ ಬಾಯಿಯ ಸಂದು ನೋಡಿ, ಹೊಸದರಲ್ಲಿ 0.2ರಿಂದ 0.3 ಮಿ.ಮೀ. ಇರಲಿ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ನಿನ ಲಾಕುಗಳನ್ನು ಹಳೆಯದೇ ಹಾಕಿ ಉಳಿತಾಯ ಮಾಡಲು ಹೋಗಬೇಡಿ, ಒಂದು ಲಾಕ್ ಹಾರಿದರೆ ಸಿಲಿಂಡರ್ ಉದ್ದಕ್ಕೂ ಗೀರುತ್ತದೆ.

ಪೆಟ್ರೋಲ್, ಎಣ್ಣೆ. ಹಳೆಯ ಕೈಪಿಡಿಗಳಲ್ಲಿ 1:20, 1:25 ಅಂತ ಇರುವುದು ಆ ಕಾಲದ ಎಣ್ಣೆಗೆ. ಈಗಿನ ಜಾಸೊ (ಜಪಾನಿನ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ದರ್ಜೆಯ 2ಟಿ ಎಣ್ಣೆ ಅದಕ್ಕಿಂತ ಎಷ್ಟೋ ಮೇಲು. ಹೊಸ ಬೋರಿಗೆ ಮೊದಲ 500 ಕಿಲೋಮೀಟರ್ ಲೀಟರಿಗೆ 40 ಮಿ.ಲೀ., ಆಮೇಲೆ 30 ಮಿ.ಲೀ. ಐದು ಲೀಟರ್ ಕ್ಯಾನಿನಲ್ಲಿ 150 ಮಿ.ಲೀ. ಎಣ್ಣೆ ಬೆರೆಸಿ, ಕುಲುಕಿ, ಆಮೇಲೆ ಟ್ಯಾಂಕಿಗೆ. ಟ್ಯಾಂಕಿಗೆ ನೇರವಾಗಿ ಎಣ್ಣೆ ಸುರಿದರೆ ಅದು ತಳ ಸೇರಿ ಮೊದಲು ಕಾರ್ಬೊರೇಟರ್‌ಗೇ ಇಳಿಯುತ್ತದೆ. 'ಎಣ್ಣೆ ಜಾಸ್ತಿ ಇದ್ದರೆ ಎಂಜಿನ್ನಿಗೆ ಒಳ್ಳೆಯದು' ಅನ್ನುವುದೂ ಅರ್ಧ ಸತ್ಯ. ಎಣ್ಣೆ ಹೆಚ್ಚಿದಷ್ಟೂ ಕಾರ್ಬೊರೇಟರಿನ ಸಣ್ಣ ತೂತಿನ ಅದೇ ಜೆಟ್ಟಿನಿಂದ ಹೋಗುವ ಪೆಟ್ರೋಲು ಕಡಿಮೆಯಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ.

ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಇನ್ನೊಂದು ಎಚ್ಚರ. ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಮೈಲಿಗಟ್ಟಲೆ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲಿನ ಜೊತೆಗೇ ಬರಬೇಕಾದ ಎಣ್ಣೆ ಮಾತ್ರ ಬರುತ್ತಿರುವುದಿಲ್ಲ. ಪ್ರತಿ ತಿರುವಿಗೊಮ್ಮೆ ಕ್ಲಚ್ ಹಿಡಿದು ಆಕ್ಸಿಲರೇಟರ್ ಒಮ್ಮೆ ಎತ್ತಿ ಬಿಟ್ಟರೆ ಗುಟುಕು ಎಣ್ಣೆ ಸಿಗುತ್ತದೆ.

ಎಥನಾಲ್ ಬೆರೆತ ಪೆಟ್ರೋಲು ಈ ಗಾಡಿಗಳಿಗೆ ಹೊಸ ತಲೆನೋವು. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಕೊಳವೆ, ಕಾಕಿನ ವಾಷರು ಉಬ್ಬಿಸುತ್ತದೆ, ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿಸುತ್ತದೆ. ಮಿಶ್ರಣವನ್ನೂ ತೆಳುವಾಗಿಸುತ್ತದೆ. ಶೇಕಡಾ 20 ಎಥನಾಲ್ ಇರುವ ಇ20 ಬಂದ ಮೇಲೆ ಕಾರ್ಬೊರೇಟರ್ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಗಿಳಿಸಿ, ಅಂದರೆ ಪೆಟ್ರೋಲು ಹೆಚ್ಚು ಹೋಗಲಿ ಅಂತ ಸೂಜಿಯನ್ನು ಒಂದು ಮೆಟ್ಟಿಲು ಮೇಲೆತ್ತಿ ಓಡಿಸುತ್ತಿದ್ದೇನೆ. ಪ್ಲಗ್ ಮತ್ತೆ ಕಾಫಿಪುಡಿ ಬಣ್ಣಕ್ಕೆ ಬಂತು.

ಅಂತೂ ಕಾರ್ಬೊರೇಟರ್ ಬಂತು. ಬಿಚ್ಚಿದ ಮೇಲೆ ಜೆಟ್ಟಿಗೆ ತಂತಿ ತುರುಕಬೇಡಿ, ಗಾಳಿ ಊದಿ ಅಥವಾ ಬ್ರಷ್ಷಿನ ಒಂದು ನೈಲಾನ್ ಕೂದಲು ಹಾಕಿ. ಪೆಟ್ರೋಲಿನ ಮಟ್ಟ ಕಾಯುವ ತೇಲುವ ಬುರುಡೆ, ಅಂದರೆ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ತುಳುಕಿದರೆ ಸಣ್ಣ ತೂತಿದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರುವ ಜಾಗ ಕಾಣುತ್ತದೆ. ಒಳಗಿನ ಪೆಟ್ರೋಲನ್ನು ಪೂರ್ತಿ ಹೊರಹಾಕದೆ ಬೆಸುಗೆಗೆ ಹೋಗಬಾರದು. ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಸ್ಲೈಡು ಸವೆದು ಗಡಗಡ ಅಂದರೆ ಐಡ್ಲಿಂಗ್ ಯಾವ ಸ್ಕ್ರೂನಿಂದಲೂ ನಿಲ್ಲುವುದಿಲ್ಲ, ಹೊಸ ಸ್ಲೈಡೇ ಮದ್ದು. ಇಷ್ಟೇ.

ಕ್ಲಚ್ಚಿನದ್ದು ಒಂದು ವಿಶೇಷ. ಗೇರ್ ಲಿವರ್ ಒತ್ತಿದರೇ ಸಾಕು, ಕೈ ಕ್ಲಚ್ ಹಿಡಿಯದಿದ್ದರೂ ಕ್ಲಚ್ ಬಿಡುವ ವ್ಯವಸ್ಥೆ ಇದರಲ್ಲಿದೆ. ಹಾಗಾಗಿ ಬೇರೆ ಗಾಡಿಗಳ ಅಭ್ಯಾಸದಲ್ಲಿ ಕಾಲನ್ನು ಗೇರ್ ಲಿವರ್ ಮೇಲೆ ಇಟ್ಟುಕೊಂಡೇ ಓಡಿಸುವವರ ಗಾಡಿಯಲ್ಲಿ ಕ್ಲಚ್ ಸದಾ ಅರ್ಧ ಬಿಟ್ಟಿರುತ್ತದೆ, ಕಾರ್ಕ್ ಪ್ಲೇಟು ಬೇಗ ಸುಡುತ್ತದೆ. ಗೇರ್ ಹಾಕಿದ ತಕ್ಷಣ ಕಾಲು ತೆಗೆಯಿರಿ. ಹೊಸ ಕಾರ್ಕ್ ಪ್ಲೇಟನ್ನು ಹಾಕುವ ಹಿಂದಿನ ರಾತ್ರಿ ಎಣ್ಣೆಯಲ್ಲಿ ನೆನೆಹಾಕಬೇಕು. ಎಣ್ಣೆ 20ಡಬ್ಲ್ಯೂ40, ಬೈಕಿನದ್ದೇ ಆಗಲಿ, ಕಾರಿನದ್ದು ಬೇಡ. ಲೆವೆಲ್ ಸ್ಕ್ರೂ ತೆಗೆದು ಅಲ್ಲಿಂದ ಜಿನುಗುವವರೆಗೆ ಹಾಕಿದರೆ ಸರಿಯಾದ ಅಳತೆ. ಗಟ್ಟಿಯಾದ 90 ನಂಬರ್ ಗೇರ್ ಎಣ್ಣೆ ಸುರಿದರೆ ಗೇರಿನ ಸದ್ದೇನೋ ಅಡಗುತ್ತದೆ, ಚಳಿಗಾಲದ ಬೆಳಗ್ಗೆ ಪ್ಲೇಟುಗಳು ಒಂದಕ್ಕೊಂದು ಅಂಟಿ ಗೇರ್ ಹಾಕಿದೊಡನೆ ಗಾಡಿ ಎಗರುತ್ತದೆ.

ಚೈನು ಪೂರ್ತಿ ಡಬ್ಬಿಯೊಳಗೆ ಇರುವುದರಿಂದ ಕೊಳೆಯಾಗದು, ಆದರೆ ಮರೆತೂ ಹೋಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಬಿಸಿ ಗ್ರೀಸಿನಲ್ಲಿ ಅದ್ದಿದರೆ ಸಾಕು.

ಕೊಳ್ಳುವವರಿಗೆ ಕಾಗದಪತ್ರದ ಒಂದು ಮಾತು: ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಆರ್‌ಸಿ ಜೊತೆ ಕಣ್ಣಾರೆ ತಾಳೆ ನೋಡದೆ ಮುಂಗಡ ಕೊಡಬೇಡಿ. 50 ವರ್ಷ ದಾಟಿದ ಗಾಡಿಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಇದೆ, 10 ವರ್ಷದ ಅವಧಿಗೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಅದನ್ನು ಮಾಡಿಸಿದ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಭಾನುವಾರ ತಿಂಡಿಗೆ ಶ್ರೀರಂಗಪಟ್ಟಣದವರೆಗೆ ಹೋಗಿಬರಬೇಕು ಅನ್ನುವವರು ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುವುದು ಲೇಸು.

ಗಾಡಿಯನ್ನು ಒಂದೆರಡು ವಾರ ನಿಲ್ಲಿಸುವುದಿದ್ದರೆ ಮನೆಗೆ ಅರ್ಧ ಕಿಲೋಮೀಟರ್ ಇರುವಾಗಲೇ ಕಾಕ್ ಮುಚ್ಚಿ, ಕಾರ್ಬೊರೇಟರ್ ಒಳಗಿನ ಪೆಟ್ರೋಲು ತೀರಿ ಎಂಜಿನ್ ತಾನಾಗಿ ಆರಲಿ. ಇಲ್ಲದಿದ್ದರೆ ಪೆಟ್ರೋಲ್ ಆವಿಯಾಗಿ 2ಟಿ ಮಾತ್ರ ಜೆಟ್ಟಿನಲ್ಲಿ ಅಂಟಾಗಿ ಉಳಿಯುತ್ತದೆ. ಬ್ಯಾಟರಿಯ ಒಂದು ವೈರ್ ಬಿಚ್ಚಿಡಿ. ಸ್ಟ್ಯಾಂಡ್ ಹಾಕಿದ ಮೇಲೆ ಲಿವರನ್ನು ಕಿಕ್ಕರ್ ಮಾಡಿಕೊಂಡು ಕೈಯಿಂದಲೇ ನಿಧಾನವಾಗಿ ಒತ್ತಿ. ಬಿಗಿಯಾಗುತ್ತಾ ಬಂದು ಇನ್ನೇನು ಜಾರುತ್ತದೆ ಅನ್ನುವ ಜಾಗದಲ್ಲಿ ಬಿಟ್ಟುಬಿಡಿ. ಪಿಸ್ಟನ್ ಮೇಲಿದ್ದರೆ ಎಗ್ಝಾಸ್ಟಿನ ಎರಡೂ ಬಾಯಿ ಮುಚ್ಚಿರುತ್ತವೆ, ಮಳೆಗಾಲದ ತೇವ ಬೋರಿಗೆ ಇಳಿಯುವುದಿಲ್ಲ.